ಟಿವಿ ಜೊತೆಗೆ ಚಿಕ್ಕ ಆಂಪ್ಲಿಫೈಯರ್: ಎರಡು ಸ್ಪೀಕರ್‌ಗೆ ಯಾವುದು ಸಾಕು?

ಮೂಲೆಕಪಾಟು

ಎಲ್ಲರಿಗೂ ನಮಸ್ಕಾರ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮನೆಯಲ್ಲಿ 43 ಇಂಚಿನ ಟಿವಿ ಇದೆ. ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್ ಇದೆ. ಹಿಂದುಗಡೆ 6 ಓಮ್, 86 ಡೆಸಿಬೆಲ್ ಅಂತ ಬರೆದಿದೆ. ಕೋಣೆ 12 ಅಡಿಗೆ 14 ಅಡಿ. ಸೋಫಾ ಟಿವಿಯಿಂದ ಸುಮಾರು 9 ಅಡಿ ದೂರ. ಆಂಪ್ಲಿಫೈಯರ್ ಇಡೋಕೆ ಇರುವುದು ಟಿವಿ ಕೆಳಗಿನ ಕಪಾಟಿನ ಒಂದೇ ಒಂದು ಖಾನೆ. ಎತ್ತರ 11 ಸೆಂ.ಮೀ., ಆಳ 30 ಸೆಂ.ಮೀ.

ನೋಡುವುದು ಸಿನಿಮಾ, ಧಾರಾವಾಹಿ, ವಾರ್ತೆ. ಟಿವಿಯದೇ ಸ್ಪೀಕರ್‌ನಲ್ಲಿ ಮಾತು ಸರಿಯಾಗಿ ಕೇಳುವುದಿಲ್ಲ. ಅಪ್ಪನಿಗೆ ಕಿವಿ ಸ್ವಲ್ಪ ಮಂದ. ಸಂಭಾಷಣೆಗೆ ಅಂತ ಸೌಂಡ್ ಏರಿಸುತ್ತಾರೆ, ಹಿಂದೆಯೇ ಹಾಡು ಬಂದರೆ ಎಲ್ಲರೂ ರಿಮೋಟ್‌ಗೆ ಮುಗಿಬೀಳುತ್ತೇವೆ.

ಎರಡು ಪೆಟ್ಟಿಗೆ ಕಣ್ಣಿಗೆ ಬಿದ್ದಿವೆ. ಒಂದು ಅಂಗೈ ಅಗಲದ್ದು. "100 ವ್ಯಾಟ್ + 100 ವ್ಯಾಟ್" ಅಂತಾರೆ, ಜೊತೆಗೆ 24 ವೋಲ್ಟ್ 4.5 ಆಂಪ್ ಅಡಾಪ್ಟರ್. ಇನ್ನೊಂದು ತೆಳ್ಳನೆಯ 7 ಚಾನೆಲ್ ಎವಿ ರಿಸೀವರ್ (ಏಳು ಸ್ಪೀಕರ್‌ವರೆಗೆ ನಡೆಸುವ ಹೋಮ್ ಥಿಯೇಟರ್ ಆಂಪ್ಲಿಫೈಯರ್), ಅದರಲ್ಲಿ ಬರೆದಿರುವುದು ಬರೀ 50 ವ್ಯಾಟ್. ಬೆಲೆಯಲ್ಲಿ ಅಜಗಜಾಂತರ. ಚಿಕ್ಕದಕ್ಕೆ ವ್ಯಾಟ್ ಎರಡು ಪಟ್ಟು, ಬೆಲೆ ಮಾತ್ರ ಎಷ್ಟೋ ಕಡಿಮೆ. ಇದು ಹೇಗೆ ಸಾಧ್ಯ?

ಓಮ್_ಲೆಕ್ಕ

ಸಾಧ್ಯವಿಲ್ಲ. ಅಡಾಪ್ಟರ್ ತಿರುಗಿಸಿ ನೋಡಿ. 24 ವೋಲ್ಟ್‌ಗೆ 4.5 ಆಂಪ್ ಗುಣಿಸಿದರೆ 108 ವ್ಯಾಟ್. ಬಾವಿಯಲ್ಲೇ 108 ಇದ್ದರೆ ಬಿಂದಿಗೆಗೆ 200 ಎಲ್ಲಿಂದ ಬಂದೀತು?

ಇನ್ನೂ ಒಂದು ಮಿತಿ ಇದೆ. ಇಂಥ ಪೆಟ್ಟಿಗೆಗಳಲ್ಲಿ ಸ್ಪೀಕರ್‌ನ ಎರಡೂ ತಂತಿಗಳನ್ನು ಆಂಪ್ಲಿಫೈಯರೇ ಆಡಿಸುತ್ತದೆ. ಒಂದು ಮೇಲೆ ಹೋದಾಗ ಇನ್ನೊಂದು ಕೆಳಗೆ. ಹಾಗಾಗಿ 24 ವೋಲ್ಟ್ ಸಪ್ಲೈ ಕೊಟ್ಟರೆ ಸ್ಪೀಕರ್‌ಗೆ ಸಿಗುವ ಪೀಕ್ ಹೆಚ್ಚೆಂದರೆ 24 ವೋಲ್ಟ್. ಆರ್‌ಎಂಎಸ್, ಅಂದರೆ ಪವರ್ ಲೆಕ್ಕಕ್ಕೆ ಹಿಡಿಯುವ ಒಂಥರಾ ಸರಾಸರಿಯಲ್ಲಿ 17. ಹದಿನೇಳರ ವರ್ಗ 289. ಅದನ್ನು ನಿಮ್ಮ 6 ಓಮ್‌ನಿಂದ ಭಾಗಿಸಿ, 48 ವ್ಯಾಟ್ ಬರುತ್ತದೆ. ಒಳಗಿನ ನಷ್ಟ ಕಳೆದು ಚಾನೆಲ್‌ಗೆ ಶುದ್ಧವಾಗಿ 40 ಅಂತಿಟ್ಟುಕೊಳ್ಳಿ. 8 ಓಮ್ ಸ್ಪೀಕರ್ ಆಗಿದ್ದರೆ 30ರ ಆಸುಪಾಸು.

ಹಾಗಾದರೆ "100" ಎಲ್ಲಿಂದ ಬಂತು? ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಟಿಪಿಎ3116 ಚಿಪ್ ಇರುತ್ತದೆ. ಚಿಪ್ ತಯಾರಿಸಿದವರೇ ಹೇಳುವುದು 4 ಓಮ್‌ಗೆ, 21 ವೋಲ್ಟ್‌ನಲ್ಲಿ, ಚಾನೆಲ್‌ಗೆ 50 ವ್ಯಾಟ್ ಅಂತ. ಅದೂ 10% ಡಿಸ್ಟಾರ್ಷನ್ ಒಪ್ಪಿಕೊಂಡರೆ. ಅಷ್ಟು ಡಿಸ್ಟಾರ್ಷನ್ ಅಂದರೆ ಸೌಂಡ್ ಒಡೆದಿದೆ ಅಂತಲೇ ಅರ್ಥ. ಅದೇ ಹಾಳೆಯಲ್ಲಿ ಎರಡೂ ಚಾನೆಲ್ ಒಟ್ಟಿಗೆ ಸೇರಿಸಿ 2 ಓಮ್‌ಗೆ 100 ವ್ಯಾಟ್ ಅನ್ನುವ ಇನ್ನೊಂದು ಸಂಖ್ಯೆ ಇದೆ. ಮಾರುವವರು ಆ ಸಂಖ್ಯೆಯನ್ನು ಎತ್ತಿಕೊಂಡು ಎರಡರಿಂದ ಗುಣಿಸುತ್ತಾರೆ. ಹಿಂದೆ ಪಿಎಂಪಿಒ ಅಂತ ಸ್ಪೀಕರ್ ಮೇಲೆ ಸಾವಿರಗಟ್ಟಲೆ ವ್ಯಾಟ್ ಅಂಟಿಸುತ್ತಿದ್ದರಲ್ಲ, ಅದೇ ಬುದ್ಧಿ.

ಆ ರಿಸೀವರ್‌ನ 50 ವ್ಯಾಟ್ ಬೇರೆ ಥರದ್ದು. ಅಡಿಯಲ್ಲಿ ಸಣ್ಣಕ್ಷರ ಓದಿ. 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ, 0.08% ಡಿಸ್ಟಾರ್ಷನ್, ಎರಡು ಚಾನೆಲ್ ಮಾತ್ರ ನಡೆಯುವಾಗ ಅಂತ ಇದ್ದರೆ ಅದು ಪ್ರಾಮಾಣಿಕ ಸಂಖ್ಯೆ. "1 ಕಿಲೋಹರ್ಟ್ಸ್, 6 ಓಮ್, 10%, ಒಂದು ಚಾನೆಲ್" ಅಂತಿದ್ದರೆ ಅದೂ ಉಬ್ಬಿಸಿದ್ದೇ. ದೊಡ್ಡ ಕಂಪನಿಗಳೂ ಈ ಆಟ ಆಡುತ್ತವೆ, ಬೇಕಾದರೆ ನೋಡಿ.

ಮೂಲೆಕಪಾಟು

ಹಾಗಾದರೆ 40 ವ್ಯಾಟ್ ಸಾಲದು, ಅಲ್ವಾ?

ಓಮ್_ಲೆಕ್ಕ

ಧಾರಾಳ ಸಾಕು.

86 ಡೆಸಿಬೆಲ್ ಅಂದರೆ 1 ವ್ಯಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಅಷ್ಟು ಸೌಂಡ್. ನೀವು ಕೂರುವುದು 2.7 ಮೀಟರ್ ದೂರದಲ್ಲಿ. ಬಯಲಾಗಿದ್ದರೆ 8–9 ಡೆಸಿಬೆಲ್ ಇಳಿಯುತ್ತಿತ್ತು, ಕೋಣೆಯಲ್ಲಿ ಗೋಡೆಗಳಿಂದ ಸ್ವಲ್ಪ ವಾಪಸ್ ಬರುವುದರಿಂದ 6 ಅಂತಿಟ್ಟುಕೊಳ್ಳಿ. ಎರಡು ಸ್ಪೀಕರ್ ಸೇರಿದಾಗ ಮತ್ತೆ 3 ಏರುತ್ತದೆ. ಅಂದರೆ ತಲಾ ಒಂದೇ ವ್ಯಾಟ್‌ನಲ್ಲಿ ಸೋಫಾದ ಹತ್ತಿರ ಸುಮಾರು 83. ಮನುಷ್ಯರು ಎದುರುಬದುರು ಕೂತು ಮಾತಾಡುವುದು 60–65ರಲ್ಲಿ. ವಾರ್ತೆ ನೋಡುವಾಗ ನಿಮ್ಮ ಸ್ಪೀಕರ್ ಒಂದು ವ್ಯಾಟನ್ನೂ ಪೂರ್ತಿ ತಿನ್ನುವುದಿಲ್ಲ.

ಉಳಿದ ವ್ಯಾಟ್ ಬೇಕಾಗುವುದು ಬಾಗಿಲು ದಢಾರ್ ಅನ್ನುವಾಗ, ಬಾಂಬ್ ಸಿಡಿಯುವಾಗ. 40 ವ್ಯಾಟ್‌ಗೆ ಇನ್ನೂ 16 ಡೆಸಿಬೆಲ್ ಸಿಗುತ್ತದೆ, ಅಂದರೆ 99. ನಿಮ್ಮ ಕೋಣೆಗೆ ಅದು ಕಿವಿ ಮುಚ್ಚಿಕೊಳ್ಳುವಷ್ಟು ಜೋರು. ವ್ಯಾಟ್ ದುಪ್ಪಟ್ಟು ಮಾಡಿದರೆ ಏರುವುದು ಬರೀ 3 ಡೆಸಿಬೆಲ್. 50ರ ಬದಲು 60 ವ್ಯಾಟ್ ತಂದರೆ ಯಾರ ಕಿವಿಗೂ ಗೊತ್ತಾಗುವುದಿಲ್ಲ.

ಚಿಪ್‌ಪ್ರಿಯ

ಲೆಕ್ಕ ಸರಿಯಾಗಿದೆ. ಆದರೆ 3116ಕ್ಕೇ ನಿಲ್ಲಬೇಡಿ ಅಂತ ಹೇಳುತ್ತೇನೆ. ಅದರ ಮೇಲಿನ ಮೆಟ್ಟಿಲು ಟಿಪಿಎ3255. ಐಯಿಮಾ ಎ07, ಫೋಸಿ ವಿ3 ಅನ್ನುವ ಚಿಕ್ಕ ಆಂಪ್ಲಿಫೈಯರ್ ಎರಡರಲ್ಲೂ ಅದೇ ಚಿಪ್. 24ರಿಂದ 48 ವೋಲ್ಟ್‌ವರೆಗೆ ತಿನ್ನುತ್ತವೆ. 32 ವೋಲ್ಟ್ 5 ಆಂಪ್ ಅಡಾಪ್ಟರ್ ಹಾಕಿದರೆ ಒಟ್ಟು 160 ವ್ಯಾಟ್ ಲಭ್ಯ. ಸೌಂಡ್ ಶುದ್ಧ. ಮುಟ್ಟಿದರೆ ಬೆಚ್ಚಗಿರುತ್ತವೆ ಅಷ್ಟೇ, ಸುಡುವುದಿಲ್ಲ. ಕ್ಲಾಸ್ ಡಿ ಆದ್ದರಿಂದ ಪವರ್‌ನ ಬಹುಪಾಲು ಸ್ಪೀಕರ್‌ಗೇ ಹೋಗುತ್ತದೆ, ಶಾಖವಾಗಿ ಪೋಲಾಗುವುದು ಕಡಿಮೆ.

ಚಿಕ್ಕ ಪೆಟ್ಟಿಗೆ ಅಂತ ಮೂಗು ಮುರಿಯುವವರಿಗೆ ಒಂದು ಮಾತು. 2000ದ ದಶಕದಲ್ಲೇ ಟ್ರೈಪಾತ್ ಅನ್ನುವ ಕಂಪನಿಯ ಚಿಪ್ ಹಾಕಿದ ಪ್ಲಾಸ್ಟಿಕ್ ಡಬ್ಬಿಯೊಂದು ದೊಡ್ಡ ದೊಡ್ಡ ಆಂಪ್ಲಿಫೈಯರ್‌ಗಳ ಪಕ್ಕ ಕೂತು ಹೆಸರು ಮಾಡಿತ್ತು. ಕಂಪನಿ 2007ರಲ್ಲಿ ದಿವಾಳಿಯಾಯಿತು, ಆದರೆ ಆ ದಾರಿ ಮುಚ್ಚಲಿಲ್ಲ.

ರಿಮೋಟ್_ಎಲ್ಲಿ

ಎಲ್ಲ ಸರಿ. ಆದರೆ ಎ07, ವಿ3 ಎರಡಕ್ಕೂ ರಿಮೋಟ್ ಇಲ್ಲ. ಎಚ್‌ಡಿಎಂಐ ಇಲ್ಲ, ಆಪ್ಟಿಕಲ್ ಇಲ್ಲ. ಹಿಂದೆ ಕೆಂಪು-ಬಿಳಿ ಆರ್‌ಸಿಎ ತೂತು ಇದೆ, ಮುಂದೆ ತಿರುಗಿಸುವ ಗುಂಡಿ ಇದೆ. ವಾಲ್ಯೂಮ್ ತಿರುಗಿಸೋಕೆ ಇವರ ಅಪ್ಪ ಎದ್ದು ಹೋಗಬೇಕಾ?

ಎಷ್ಟು ವ್ಯಾಟ್ ಅನ್ನುವುದಕ್ಕಿಂತ ಮುಂಚೆ ಕೇಳಬೇಕಾದದ್ದು, ಟಿವಿಯಿಂದ ಸೌಂಡ್ ಯಾವ ದಾರಿಯಲ್ಲಿ ಬರುತ್ತದೆ ಅಂತ. ಮೂಲೆಕಪಾಟು ಅವರೇ, ಟಿವಿ ಹಿಂದೆ ಏನೇನು ಇದೆ?

ಮೂಲೆಕಪಾಟು

ಟಾರ್ಚ್ ಹಿಡಿದು ನೋಡಿದೆ. ಮೂರು ಎಚ್‌ಡಿಎಂಐ, ಅದರಲ್ಲಿ ಎರಡನೆಯದರ ಪಕ್ಕ ಎಆರ್‌ಸಿ ಅಂತ ಬರೆದಿದೆ. ಒಂದು ಆಪ್ಟಿಕಲ್. ಒಂದು ಹೆಡ್‌ಫೋನ್ ಜ್ಯಾಕ್. ಬ್ಲೂಟೂತ್ ಕೂಡ ಇದೆ.

ಮತ್ತೆ ಹೌದು, ರಿಮೋಟ್ ಒಂದೇ ಇರಬೇಕು. ಅದು ಅಪ್ಪನ ಷರತ್ತು. ಎರಡನೇ ರಿಮೋಟ್ ಮನೆಗೆ ಬಂದರೆ ಅದರ ಮೇಲೆ ಪೇಪರ್ ಮಡಚಿಟ್ಟು ಮರೆತುಬಿಡುತ್ತಾರೆ.

ರಿಮೋಟ್_ಎಲ್ಲಿ

ಹಾಗಾದರೆ ನಿಮ್ಮ ಆಯ್ಕೆ ಅರ್ಧ ಮುಗಿಯಿತು.

ಆಪ್ಟಿಕಲ್‌ನಲ್ಲಿ ಸೌಂಡ್ ಚೆನ್ನಾಗಿ ಬರುತ್ತದೆ. ಬೆಳಕಿನ ತಂತಿ ಆದ್ದರಿಂದ ಎರಡು ಸಾಧನಗಳ ನಡುವೆ ವಿದ್ಯುತ್ ಸಂಪರ್ಕವೇ ಇರುವುದಿಲ್ಲ, ಆ ದಾರಿಯಿಂದ ಗುಂಯ್ ಅನ್ನುವ ಹಮ್ ಬರುವ ಪ್ರಶ್ನೆಯೇ ಇಲ್ಲ. ಆದರೆ ಹೆಚ್ಚಿನ ಟಿವಿಗಳಲ್ಲಿ ಆಪ್ಟಿಕಲ್ ಲೆವೆಲ್ ಸ್ಥಿರ. ಟಿವಿ ರಿಮೋಟ್‌ನಲ್ಲಿ ವಾಲ್ಯೂಮ್ ಒತ್ತಿದರೆ ಏನೂ ಆಗುವುದಿಲ್ಲ. ಆಂಪ್ಲಿಫೈಯರ್‌ನದೇ ರಿಮೋಟ್ ಬೇಕು.

ಹೆಡ್‌ಫೋನ್ ಜ್ಯಾಕ್ ಅಗ್ಗದ ದಾರಿ. ಟಿವಿ ವಾಲ್ಯೂಮ್ ಅಲ್ಲೂ ಕೆಲಸ ಮಾಡುತ್ತದೆ. ಆಂಪ್ಲಿಫೈಯರ್ ಗುಂಡಿಯನ್ನು ಒಂದು ಕಡೆ ನಿಲ್ಲಿಸಿ ಮರೆತುಬಿಡಬಹುದು. ಕೆಲವು ಟಿವಿಗಳಲ್ಲಿ ಆ ಜ್ಯಾಕ್‌ನಿಂದ ಸಣ್ಣಗೆ ಸುಯ್ ಅನ್ನುವ ಹಿಸ್ ಬರುತ್ತದೆ, ರಾತ್ರಿ ಸದ್ದಿಲ್ಲದ ಹೊತ್ತಲ್ಲಿ ಕೇಳಿಸುತ್ತದೆ. ಇನ್ನೊಂದು ತೊಂದರೆ, ಟಿವಿ ಆರಿಸಿದರೂ ಆಂಪ್ಲಿಫೈಯರ್ ಆನ್ ಆಗಿಯೇ ಇರುತ್ತದೆ.

ಬ್ಲೂಟೂತ್ ಸಿನಿಮಾಕ್ಕೆ ಬೇಡ. ಮಾಮೂಲಿ ಎಸ್‌ಬಿಸಿ ಕೊಡೆಕ್‌ನಲ್ಲಿ ಸೌಂಡ್ 150–250 ಮಿಲಿಸೆಕೆಂಡ್ ಹಿಂದೆ ಬೀಳುತ್ತದೆ. ತುಟಿ ಒಂದು ಕಡೆ, ಮಾತು ಇನ್ನೊಂದು ಕಡೆ. ಕೆಲವು ಟಿವಿಗಳು ಚಿತ್ರವನ್ನೂ ತಡಮಾಡಿ ಸರಿಹೊಂದಿಸುತ್ತವೆ, ಆದರೆ ಅದನ್ನು ನಂಬಿ ದುಡ್ಡು ಹಾಕಬಾರದು.

ಉಳಿದದ್ದು ಎಆರ್‌ಸಿ. ಇದು 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂತು. ಟಿವಿಯೊಳಗಿನ ಆ್ಯಪ್, ಸೆಟ್‌ಟಾಪ್, ಏನೇ ನಡೆಯಲಿ, ಅದರ ಸೌಂಡ್ ಒಂದೇ ಕೇಬಲ್‌ನಲ್ಲಿ ವಾಪಸ್ ಆಂಪ್ಲಿಫೈಯರ್‌ಗೆ ಬರುತ್ತದೆ. ಜೊತೆಗೆ ಸಿಇಸಿ ಅಂತ ಒಂದು ಸೌಲಭ್ಯ ಇರುತ್ತದೆ. ಟಿವಿ ಆನ್ ಮಾಡಿದರೆ ಆಂಪ್ಲಿಫೈಯರ್ ಆನ್, ಆಫ್ ಮಾಡಿದರೆ ಆಫ್. ಟಿವಿ ರಿಮೋಟ್‌ನಲ್ಲೇ ಅದರ ವಾಲ್ಯೂಮ್. ನಿಮ್ಮ ಅಪ್ಪನಿಗೆ ಏನೋ ಹೊಸದು ಬಂದಿದೆ ಅಂತಲೇ ಗೊತ್ತಾಗಬೇಕಿಲ್ಲ.

ಇಎಆರ್‌ಸಿ ಬೇಕಾ ಅಂತ ಮುಂದೆ ಕೇಳುತ್ತೀರಿ. ಎರಡು ಸ್ಪೀಕರ್‌ಗೆ ಬೇಡ. ಅದು 2017ರ ಎಚ್‌ಡಿಎಂಐ 2.1ರ ಸೌಲಭ್ಯ. ಡಿಸ್ಕ್‌ನಲ್ಲಿ ಬರುವ ಟ್ರೂಎಚ್‌ಡಿ ಥರದ ಭಾರದ ಆಡಿಯೊ ಸಾಗಿಸೋಕೆ ಅದು ಬೇಕು.

ಹಳೇರಿಸೀವರ್

ಎಲ್ಲರೂ ಎರಡು ಸ್ಪೀಕರ್ ಅಂತ ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ಹೋಮ್ ಥಿಯೇಟರ್ ಅಂದಮೇಲೆ ಸೆಂಟರ್ ಸ್ಪೀಕರ್ ಬೇಡವಾ? ಅಪ್ಪನಿಗೆ ಮಾತು ಕೇಳುವುದಿಲ್ಲ ಅನ್ನುವುದೇ ಮೂಲ ಸಮಸ್ಯೆ. 5.1ರಲ್ಲಿ, ಅಂದರೆ ಐದು ಸ್ಪೀಕರ್ ಮತ್ತು ಒಂದು ಸಬ್‌ವೂಫರ್‌ಗೆ ಅಂತ ಮಾಡಿದ ಆಡಿಯೊದಲ್ಲಿ, ಸಂಭಾಷಣೆಯ ಬಹುಪಾಲು ಸೆಂಟರ್ ಚಾನೆಲ್‌ನಲ್ಲೇ ಇರುತ್ತದೆ. ರಿಸೀವರ್ ಇದ್ದರೆ ಅದೊಂದನ್ನೇ 3–4 ಡೆಸಿಬೆಲ್ ಏರಿಸಬಹುದು. ಹಾಡು, ಗದ್ದಲ ಇದ್ದಲ್ಲೇ ಇರುತ್ತದೆ, ಮಾತು ಮಾತ್ರ ಮುಂದೆ ಬರುತ್ತದೆ. ಈ ಒಂದು ಕೆಲಸ ಯಾವ ಎರಡು ಚಾನೆಲ್ ಪೆಟ್ಟಿಗೆಯೂ ಮಾಡುವುದಿಲ್ಲ.

ಹೊಸದು ದುಬಾರಿ ಅಂದರೆ ಹಳೆಯದು ತಗೊಳ್ಳಿ. ಹದಿನೈದು ವರ್ಷ ಹಿಂದಿನ ಒಳ್ಳೆಯ ರಿಸೀವರ್‌ಗಳು ಕಡಿಮೆಗೆ ಸಿಗುತ್ತವೆ. ಕಾರಣ, ಅವುಗಳ ಎಚ್‌ಡಿಎಂಐ 4ಕೆ ಚಿತ್ರ ಸಾಗಿಸುವುದಿಲ್ಲ. ಅದರಿಂದ ನಮಗೇನು? ಎಲ್ಲ ಸಾಧನಗಳನ್ನೂ ಟಿವಿಗೇ ಜೋಡಿಸಿ. ಟಿವಿಯಿಂದ ಸೌಂಡ್ ಮಾತ್ರ ಆಪ್ಟಿಕಲ್‌ನಲ್ಲಿ ತನ್ನಿ. ಡಾಲ್ಬಿ ಡಿಜಿಟಲ್ 5.1 ಅದರಲ್ಲಿ ಆರಾಮಾಗಿ ಬರುತ್ತದೆ.

ತಗೊಳ್ಳುವಾಗ ಕಣ್ಣೆದುರೇ ಆನ್ ಮಾಡಿಸಿ. ಕೆಲವು ಸೆಕೆಂಡ್‌ನಲ್ಲಿ ಒಳಗೆ ರಿಲೇ ಟಿಕ್ ಅನ್ನಬೇಕು. ಒಂದೊಂದೇ ಚಾನೆಲ್‌ಗೆ ಸ್ಪೀಕರ್ ಹಾಕಿ ಟೆಸ್ಟ್ ಟೋನ್ ಕೇಳಿ. ವಾಲ್ಯೂಮ್ ಗುಂಡಿ ತಿರುಗಿಸುವಾಗ ಕರಕರ ಅಂದರೆ ಅದು ಧೂಳು, ಹೆದರಬೇಡಿ. ಒಂದು ಚಾನೆಲ್ ಬಂದುಹೋಗಿ ಮಾಡಿದರೆ ಮಾತ್ರ ಬಿಟ್ಟುಬಿಡಿ.

ಮೂಲೆಕಪಾಟು

ಸರ್, ಅಂಥ ರಿಸೀವರ್ ಎಷ್ಟು ಎತ್ತರ ಇರುತ್ತದೆ?

ಹಳೇರಿಸೀವರ್

15ರಿಂದ 17 ಸೆಂ.ಮೀ. ಮೇಲೆ ಗಾಳಿಗೆ ಒಂದು ಗೇಣು ಜಾಗ.

ಮೂಲೆಕಪಾಟು

ನನ್ನ ಖಾನೆ 11.

ಹಳೇರಿಸೀವರ್

ಕಪಾಟು ಬದಲಿಸಿ :)

ತಂತಿಜೋಡಕ

ತೆಳ್ಳನೆಯ ರಿಸೀವರ್ ಬಗ್ಗೆಯೂ ಹೇಳಿಬಿಡುತ್ತೇನೆ, ಅದೂ ಪಟ್ಟಿಯಲ್ಲಿತ್ತಲ್ಲ. ಮರಾಂಟ್ಜ್ ಎನ್‌ಆರ್ ಸರಣಿಯವು ಆಂಟೆನಾ ಬಿಟ್ಟು 10.5 ಸೆಂ.ಮೀ. ಎತ್ತರ. ಲೆಕ್ಕದ ಪ್ರಕಾರ 11ರ ಖಾನೆಗೆ ನುಗ್ಗುತ್ತದೆ. ಆದರೆ ಮೇಲೆ ಉಳಿಯುವುದು ಅರ್ಧ ಸೆಂಟಿಮೀಟರ್. ಶಾಖ ಹೊರಗೆ ಹೋಗುವ ಜಾಲರಿ ಇರುವುದೇ ಮೇಲ್ಭಾಗದಲ್ಲಿ. ಇಂಥ ರಿಸೀವರ್ ಸುಮ್ನೆ ಕೂತಾಗಲೂ ಹತ್ತಾರು ವ್ಯಾಟ್ ಕುಡಿದು ಬಿಸಿಯಾಗುತ್ತದೆ. ಮುಚ್ಚಿದ ಖಾನೆಯಲ್ಲಿ ಇಟ್ಟರೆ ಸಿನಿಮಾದ ನಡುವೆ ಪ್ರೊಟೆಕ್ಷನ್‌ಗೆ ಹೋಗಿ ಆಫ್ ಆಗಬಹುದು. ಆಳವೂ 36 ಸೆಂ.ಮೀ. ಮೀರುತ್ತದೆ, ಅದರ ಮೇಲೆ ಹಿಂದೆ ಕೇಬಲ್ ಬಾಗೋಕೆ ನಾಲ್ಕೈದು ಸೆಂ.ಮೀ. ಬೇಕು. 30ರ ಕಪಾಟಿಗೆ ಹೇಗೂ ಆಗುವುದಿಲ್ಲ.

ಯಾವ ಪೆಟ್ಟಿಗೆಯೇ ಆಗಲಿ, ಆಳ ಅಳೆಯುವಾಗ ಹಿಂದಿನ ಪ್ಲಗ್ ಸೇರಿಸಿ ಅಳೆಯಿರಿ. ಸ್ಪೀಕರ್ ತಂತಿಯ ತುದಿಗೆ ಹಾಕುವ ಬನಾನಾ ಪ್ಲಗ್ ಒಂದೇ 4 ಸೆಂ.ಮೀ. ತಿನ್ನುತ್ತದೆ.

ಕಿವಿಗೊಡು

ಸೆಂಟರ್ ಇಲ್ಲದಿದ್ದರೆ ಮಾತು ಕೇಳುವುದೇ ಇಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. 5.1 ಆಡಿಯೊವನ್ನು ಎರಡು ಚಾನೆಲ್‌ಗೆ ಇಳಿಸುವಾಗ ಸೆಂಟರ್‌ನ ಮಾತು ಸಾಮಾನ್ಯವಾಗಿ 3 ಡೆಸಿಬೆಲ್ ಕಡಿಮೆಯಾಗಿ ಎಡಕ್ಕೂ ಬಲಕ್ಕೂ ಸಮನಾಗಿ ಹಂಚಿಕೆಯಾಗುತ್ತದೆ. ಎರಡು ಸ್ಪೀಕರ್‌ನ ನಡುವೆ ಸರಿಯಾಗಿ ಕೂತವರಿಗೆ ಮಾತು ಟಿವಿ ಪರದೆಯ ಮಧ್ಯದಿಂದಲೇ ಬಂದಂತೆ ಕೇಳುತ್ತದೆ. ಬದಿಯಲ್ಲಿ ಕೂತವರಿಗೆ ಹತ್ತಿರದ ಸ್ಪೀಕರ್ ಕಡೆಗೆ ಜಾರುತ್ತದೆ. ಅಷ್ಟೇ ತೊಂದರೆ. ಹಾಗಾಗಿ ಅಪ್ಪನ ಜಾಗ ಸೋಫಾದ ನಡುವೆ ಇರಲಿ.

ಸಣ್ಣ ಕೋಣೆಯಲ್ಲಿ ಮಾತು ಕೆಡುವುದು ಬಹಳಷ್ಟು ಸಲ ಸ್ಪೀಕರ್ ಇಟ್ಟ ಜಾಗದಿಂದ. ಕಪಾಟಿನ ಒಳಗೆ ಹಿಂದಕ್ಕೆ ತಳ್ಳಿಟ್ಟರೆ ಸುತ್ತಲಿನ ಹಲಗೆಗಳಿಂದ ಬಾಸ್ ಊದಿಕೊಳ್ಳುತ್ತದೆ. ಗಂಡಸಿನ ದನಿ ಮಡಕೆಯೊಳಗೆ ಮಾತಾಡಿದ ಹಾಗೆ ಆಗುತ್ತದೆ. ಸ್ಪೀಕರ್‌ನ ಮುಂಭಾಗ ಹಲಗೆಯ ಅಂಚಿಗೆ ಸಮ ಬರಲಿ, ಸ್ವಲ್ಪ ಹೊರಗೆ ಚಾಚಿದರೂ ಪರವಾಗಿಲ್ಲ. ಟ್ವೀಟರ್ (ಮೇಲಿನ ಸ್ವರ ನುಡಿಸುವ ಚಿಕ್ಕ ಘಟಕ) ಕೂತವರ ಕಿವಿ ಮಟ್ಟಕ್ಕೆ ಇರಬೇಕು. ಕೆಳಗಿದ್ದರೆ ಮುಂದಿನ ಅಂಚಿನ ಕೆಳಗೆ ರಬ್ಬರ್ ತುಂಡಿಟ್ಟು ಮೇಲಕ್ಕೆ ಓರೆ ಮಾಡಿ. ಎರಡೂ ಸ್ಪೀಕರ್ ಸೋಫಾದ ಕಡೆ ಸ್ವಲ್ಪ ತಿರುಗಿರಲಿ. ನೀವು ಕೂರುವ ಜಾಗ ಮತ್ತು ಎರಡು ಸ್ಪೀಕರ್ ಸೇರಿ ಸರಿಸುಮಾರು ಸಮಬಾಹು ತ್ರಿಕೋನ ಆದರೆ ಒಳ್ಳೆಯದು. 9 ಅಡಿ ದೂರಕ್ಕೆ ಸ್ಪೀಕರ್‌ಗಳ ನಡುವೆಯೂ 9 ಅಡಿ ಬಿಡುವುದು ಆಗದ ಮಾತು, 6–7 ಅಡಿ ಬಿಟ್ಟರೂ ಚೆನ್ನಾಗಿರುತ್ತದೆ.

ಇನ್ನು ಮಾತು ಮೆಲ್ಲಗೆ, ಹಾಡು ಜೋರು ಅನ್ನುವ ನಿಮ್ಮ ದೂರು. ಇದಕ್ಕೆ ಆಂಪ್ಲಿಫೈಯರ್ ಮದ್ದಲ್ಲ. ಸಿನಿಮಾದಲ್ಲಿ ಮೆಲುದನಿಗೂ ಗದ್ದಲಕ್ಕೂ ಅಂತರ ಜಾಸ್ತಿ ಇಟ್ಟೇ ಮಿಕ್ಸ್ ಮಾಡಿರುತ್ತಾರೆ. ಟಿವಿ ಮೆನುವಿನಲ್ಲಿ ನೈಟ್ ಮೋಡ್, ಆಟೊ ವಾಲ್ಯೂಮ್, ಡೈನಾಮಿಕ್ ರೇಂಜ್ ಅಂತ ಏನಾದರೂ ಇದ್ದರೆ ಹಾಕಿ ನೋಡಿ. ಆ ಅಂತರ ಕುಗ್ಗುತ್ತದೆ. ವಯಸ್ಸಾದ ಕಿವಿಗೆ ಮೊದಲು ಕಡಿಮೆಯಾಗುವುದು ಮೇಲಿನ ಸ್ವರಗಳು. ಸ, ಶ, ತ, ಕ ಇಂಥ ಅಕ್ಷರಗಳ ಸ್ಪಷ್ಟತೆ ಇರುವುದು ಅಲ್ಲೇ. ಹಾಗಾಗಿ ಬಾಸ್ ಎರಡು ಮೂರು ಡೆಸಿಬೆಲ್ ಇಳಿಸಿ, ಟ್ರೆಬಲ್ ಎರಡು ಏರಿಸಿ. ಟೋನ್ ಕಂಟ್ರೋಲ್ ಇಲ್ಲದ ಪೆಟ್ಟಿಗೆ ನಿಮ್ಮ ಮನೆಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ.

ಹಳೇರಿಸೀವರ್

ನಡುವೆ ಕೂತವರಿಗೆ ಸರಿ. ಅಪ್ಪ ನಡುವೆ ಕೂತರೆ ಅಮ್ಮ ಎಲ್ಲಿ ಕೂರಬೇಕು? ಸೆಂಟರ್ ಇದ್ದರೆ ಈ ರಗಳೆಯೇ ಇಲ್ಲ. ಅಷ್ಟೇ ನನ್ನ ವಾದ, ಮುಗಿಸಿದೆ.

ಹೊಸಬ_ನಾನು

ಸುಮ್ನೆ ಒಂದು ಸೌಂಡ್‌ಬಾರ್ ತಗೊಂಡರೆ ಆಗಲ್ವಾ?

ಚಿಪ್‌ಪ್ರಿಯ

ಸ್ಪೀಕರ್ ಇಲ್ಲದವರಿಗೆ ಆಗುತ್ತದೆ. ಇವರ ಹತ್ತಿರ ಒಳ್ಳೆಯ ಸ್ಪೀಕರ್ ಆಗಲೇ ಇದೆ. ಸೌಂಡ್‌ಬಾರ್‌ನ ಬೋರ್ಡ್ ಕೆಟ್ಟರೆ ಇಡೀ ಪೆಟ್ಟಿಗೆಯೇ ಮೂಲೆಗೆ. ಇಲ್ಲಿ ಆಂಪ್ಲಿಫೈಯರ್ ಕೆಟ್ಟರೆ ಆಂಪ್ಲಿಫೈಯರ್ ಮಾತ್ರ ಬದಲಿಸಿದರೆ ಸಾಕು.

ಮೂಲೆಕಪಾಟು

ಸಬ್‌ವೂಫರ್ ಬಗ್ಗೆಯೂ ಕೇಳಬೇಕಿತ್ತು. ಹಳೆಯ 5.1 ಸೆಟ್‌ನ ಸಬ್‌ವೂಫರ್ ಒಂದು ಅಟ್ಟದ ಮೇಲಿದೆ. ಅದಕ್ಕೆ ಕರೆಂಟ್ ವೈರ್ ಇಲ್ಲ, ಎರಡು ಸ್ಪೀಕರ್ ತಂತಿ ಮಾತ್ರ. ಚಿಕ್ಕ ಪೆಟ್ಟಿಗೆಯ ಹಿಂದಿನ "ಸಬ್ ಔಟ್"ಗೆ ಜೋಡಿಸಬಹುದಾ?

ತಂತಿಜೋಡಕ

ಬೇಡ. ಸಬ್ ಔಟ್‌ನಲ್ಲಿ ಬರುವುದು ಬರೀ ಸಿಗ್ನಲ್. ಅದನ್ನು ದೊಡ್ಡದು ಮಾಡೋಕೆ ಸಬ್‌ವೂಫರ್‌ನಲ್ಲೇ ಆಂಪ್ಲಿಫೈಯರ್ ಇರಬೇಕು. ನಿಮ್ಮ ಹಳೆಯದರಲ್ಲಿ ಅದಿಲ್ಲ. ಅದಕ್ಕೆ 2.1 ಅಂತ ಬರುವ, ಮೂರನೇ ಜೊತೆ ಸ್ಪೀಕರ್ ಟರ್ಮಿನಲ್ ಇರುವ ಪೆಟ್ಟಿಗೆ ಬೇಕಾಗುತ್ತದೆ. ಆಗ ಮತ್ತೆ ಎಆರ್‌ಸಿ ಸಿಗುವುದು ಕಷ್ಟ.

ಇಲ್ಲಿ ಒಂದು ಎಚ್ಚರಿಕೆ. ಓಮ್_ಲೆಕ್ಕ ಹೇಳಿದರಲ್ಲ, ಈ ಚಿಪ್‌ಗಳು ಎರಡೂ ತಂತಿಗಳನ್ನು ಆಡಿಸುತ್ತವೆ ಅಂತ. ಅಂದರೆ ಕಪ್ಪು ಟರ್ಮಿನಲ್ ಗ್ರೌಂಡ್ ಅಲ್ಲ. ಎಡ ಬಲದ ಕಪ್ಪು ತಂತಿಗಳನ್ನು ಒಟ್ಟಿಗೆ ಸೇರಿಸಿ ಒಂದೇ ತಂತಿ ಎಳೆಯುವ ಹಳೆಯ ಉಪಾಯ ಇಲ್ಲಿ ನಡೆಯುವುದಿಲ್ಲ. ಕಪ್ಪು ತಂತಿಯನ್ನು ಪೆಟ್ಟಿಗೆಯ ಲೋಹಕ್ಕೆ ಮುಟ್ಟಿಸಿದರೂ ಚಿಪ್ ಪ್ರೊಟೆಕ್ಷನ್‌ಗೆ ಹೋಗಬಹುದು, ಸುಟ್ಟೂ ಹೋಗಬಹುದು. ತಂತಿಯ ಎಳೆಗಳನ್ನು ಬೆರಳಲ್ಲಿ ಬಿಗಿಯಾಗಿ ಹೊಸೆದು ತೂರಿಸಿ. ಒಂದು ಎಳೆಯೂ ಹೊರಗೆ ಚಾಚಿ ಪಕ್ಕದ ಟರ್ಮಿನಲ್ ಮುಟ್ಟಬಾರದು.

ಮುಂದೆ ಎಂದಾದರೂ ಆಂಪ್ಲಿಫೈಯರ್ ಇರುವ ಸಬ್‌ವೂಫರ್ ತಂದರೆ ಕ್ರಾಸ್ಓವರ್, ಅಂದರೆ ಸಬ್‌ಗೆ ಯಾವ ಸ್ವರದವರೆಗೆ ಹೋಗಬೇಕು ಅನ್ನುವ ಗಡಿ, 80 ಹರ್ಟ್ಸ್‌ನಿಂದ ಶುರು ಮಾಡಿ. ಅಗ್ಗದ ಪೆಟ್ಟಿಗೆಗಳಲ್ಲಿ ಸಬ್‌ಗೆ ಕೆಳಗಿನ ಸ್ವರ ಮಾತ್ರ ಹೋಗುತ್ತದೆ ನಿಜ. ಆದರೆ ಚಿಕ್ಕ ಸ್ಪೀಕರ್‌ಗೆ ಎಲ್ಲವೂ ಹೋಗುತ್ತಲೇ ಇರುತ್ತದೆ. ಬಾಸ್‌ನ ಭಾರ ಅವುಗಳ ತಲೆ ಮೇಲಿಂದ ಇಳಿಯುವುದಿಲ್ಲ. ಇಳಿಸಬೇಕು ಅಂದರೆ ಹೈಪಾಸ್ (ಚಿಕ್ಕ ಸ್ಪೀಕರ್‌ಗೆ ಬಾಸ್ ಹೋಗದಂತೆ ತಡೆಯುವ ಫಿಲ್ಟರ್) ಇರುವ ಮಾಡೆಲ್ ನೋಡಿ.

ಓಮ್_ಲೆಕ್ಕ

ತಂತಿ ಅಂದಾಗ ನೆನಪಾಯಿತು. ದುಬಾರಿ ಸ್ಪೀಕರ್ ಕೇಬಲ್‌ಗೆ ಯಾರೂ ದುಡ್ಡು ಸುರಿಯಬೇಡಿ. 1.5 ಚದರ ಮಿ.ಮೀ.ನ ಮಾಮೂಲಿ ತಾಮ್ರದ ಜೋಡಿ ತಂತಿ 5 ಮೀಟರ್ ಎಳೆದರೆ ಹೋಗಿ ಬರುವ ಒಟ್ಟು ರೆಸಿಸ್ಟೆನ್ಸ್ 0.12 ಓಮ್ ಆಸುಪಾಸು. 6 ಓಮ್ ಸ್ಪೀಕರ್ ಮುಂದೆ ಅದು ಲೆಕ್ಕಕ್ಕಿಲ್ಲ. ತಾಮ್ರವೇ ಇರಲಿ, ತಾಮ್ರ ಬಳಿದ ಅಲ್ಯೂಮಿನಿಯಂ ಬೇಡ.

ಮೂಲೆಕಪಾಟು

ಎಲ್ಲ ಕೇಳಿದ ಮೇಲೆ ನನಗೆ ಅರ್ಥ ಆದದ್ದು: ಎರಡು ಚಾನೆಲ್, ಎಆರ್‌ಸಿ ಇರಲೇಬೇಕು, ಟೋನ್ ಕಂಟ್ರೋಲ್ ಇರಲೇಬೇಕು, 40–60 ವ್ಯಾಟ್ ಸಾಕು. ಸಬ್ ಔಟ್ ಇದ್ದರೆ ಮುಂದಕ್ಕೆ ಅನುಕೂಲ. ಇಂಥದ್ದು ಯಾವುದಿದೆ?

ರಿಮೋಟ್_ಎಲ್ಲಿ

ಹೆಸರು ಬೇಕೆಂದರೆ ವೀಮ್ ಆಂಪ್ ನೋಡಿ. 2023ರಲ್ಲಿ ಬಂದದ್ದು. 8 ಓಮ್‌ಗೆ 60 ವ್ಯಾಟ್, 4 ಓಮ್‌ಗೆ 120. ಎಆರ್‌ಸಿ ಇದೆ, ಸಬ್ ಔಟ್ ಇದೆ, ಈಕ್ವಲೈಜರ್ ಫೋನ್ ಆ್ಯಪ್‌ನಲ್ಲಿದೆ. ಎತ್ತರ 7 ಸೆಂ.ಮೀ.ಗಿಂತ ಕಡಿಮೆ, ಅಗಲ ಆಳ ಎರಡೂ 19. ನಿಮ್ಮ ಖಾನೆಯಲ್ಲಿ ಉಸಿರಾಡೋಕೂ ಜಾಗ ಉಳಿಯುತ್ತದೆ. ಬರೀ ಆರ್‌ಸಿಎ ಇರುವ ಚಿಕ್ಕ ಪೆಟ್ಟಿಗೆಗಿಂತ ದುಬಾರಿಯೇ. ಆ ಹೆಚ್ಚಿನ ದುಡ್ಡು ಹೋಗುವುದು ವ್ಯಾಟ್‌ಗೆ ಅಲ್ಲ, ಅಪ್ಪ ಒಂದೇ ರಿಮೋಟ್ ಹಿಡಿದು ಕೂರುವುದಕ್ಕೆ. ಇದೇ ಬೇಕು ಅಂತಿಲ್ಲ, ಎಆರ್‌ಸಿ ಇರುವ ಬೇರೆ ಚಿಕ್ಕ ಸ್ಟೀರಿಯೊ ಆಂಪ್ಲಿಫೈಯರ್‌ಗಳೂ ಇವೆ. ಕೊಳ್ಳುವ ಮುಂಚೆ ಹಿಂಭಾಗದ ಫೋಟೊ ದೊಡ್ಡದು ಮಾಡಿ ನೋಡಿ. ಎಚ್‌ಡಿಎಂಐ ಪಕ್ಕ ಎಆರ್‌ಸಿ ಅಂತ ಬರೆದಿರಬೇಕು. ಬರೀ ಎಚ್‌ಡಿಎಂಐ ಅಂತ ನೋಡಿ ತಗೊಂಡು ಮೋಸ ಹೋಗುವವರು ಬಹಳ ಜನ.

ಚಿಪ್‌ಪ್ರಿಯ

ದುಡ್ಡು ಅಷ್ಟು ಇಲ್ಲ ಅನ್ನುವವರಿಗೆ ನನ್ನ ದಾರಿ ಇನ್ನೂ ತೆರೆದಿದೆ. ಆರ್‌ಸಿಎ ಪೆಟ್ಟಿಗೆ, ಟಿವಿಯ ಹೆಡ್‌ಫೋನ್ ಜ್ಯಾಕ್, ಒಂದು ಕೇಬಲ್. ಒಂದು ರಿಮೋಟ್ ಅನ್ನುವ ಷರತ್ತು ಅದರಲ್ಲೂ ನಡೆಯುತ್ತದೆ. ಆನ್ ಆಗಿಯೇ ಬಿಟ್ಟರೂ ಕ್ಲಾಸ್ ಡಿ ತಿನ್ನುವುದು ಕೆಲವೇ ವ್ಯಾಟ್.

ಮೂಲೆಕಪಾಟು

ಎಆರ್‌ಸಿ ಇರುವುದನ್ನೇ ತಂದೆ. ಜೋಡಿಸಿದೆ. ವಾರ್ತೆಯಲ್ಲಿ ಸೌಂಡ್ ಬಂತು, ಮಾತು ಎಷ್ಟೋ ಸ್ಪಷ್ಟ. ಆದರೆ ಒಂದು ಸಿನಿಮಾ ಆ್ಯಪ್ ತೆಗೆದರೆ ನಿಶ್ಶಬ್ದ. ಆ್ಯಪ್‌ನಿಂದ ಹೊರಬಂದರೆ ಮತ್ತೆ ಸೌಂಡ್. ಪೆಟ್ಟಿಗೆ ಕೆಟ್ಟಿದೆಯಾ?

ರಿಮೋಟ್_ಎಲ್ಲಿ

ಕೆಟ್ಟಿಲ್ಲ. ಆ ಆ್ಯಪ್ ಸೌಂಡನ್ನು ಡಾಲ್ಬಿಯಲ್ಲಿ, ಅಂದರೆ ಒತ್ತಿ ಕಟ್ಟಿದ ರೂಪದಲ್ಲಿ, ಕಳಿಸುತ್ತಿದೆ, ಟಿವಿ ಅದನ್ನು ಹಾಗೇ ಮುಂದಕ್ಕೆ ದಾಟಿಸುತ್ತಿದೆ. ನಿಮ್ಮ ಆಂಪ್ಲಿಫೈಯರ್‌ಗೆ ಅದನ್ನು ಬಿಡಿಸೋಕೆ ಬರುವುದಿಲ್ಲ. ಟಿವಿ ಮೆನುವಿನಲ್ಲಿ ಸೌಂಡ್‌ಗೆ ಹೋಗಿ. ಡಿಜಿಟಲ್ ಆಡಿಯೊ ಔಟ್ ಅಂತ ಇರುತ್ತದೆ. ಆಟೊ ಅಥವಾ ಪಾಸ್‌ಥ್ರೂ ಅಂತಿದ್ದರೆ ಪಿಸಿಎಂ ಮಾಡಿ. ಆಗ ಟಿವಿಯೇ ಬಿಡಿಸಿ, ಎರಡು ಚಾನೆಲ್‌ಗೆ ಇಳಿಸಿ ಕಳಿಸುತ್ತದೆ. ಆಪ್ಟಿಕಲ್ ಬಳಸುವವರಿಗೂ ಇದೇ ಮಾತು.

ಹಾಗೇ ಸಿಇಸಿ ಆನ್ ಆಗಿದೆಯಾ ನೋಡಿ. ಮೆನುವಿನಲ್ಲಿ ಸಿಇಸಿ ಅಂತಲೇ ಬರೆದಿರುವುದಿಲ್ಲ. ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್, ಸೋನಿಯಲ್ಲಿ ಬ್ರಾವಿಯಾ ಸಿಂಕ್. ಒಬ್ಬೊಬ್ಬರದು ಒಂದೊಂದು ನಾಮಕರಣ.

ಮೂಲೆಕಪಾಟು

ಪಿಸಿಎಂ ಮಾಡಿದ ತಕ್ಷಣ ಬಂತು! ಸಿಇಸಿ ಕೂಡ ಸಿಕ್ಕಿತು. ಸ್ಪೀಕರ್‌ಗಳನ್ನು ಹಲಗೆಯ ಅಂಚಿಗೆ ತಂದು ಸ್ವಲ್ಪ ತಿರುಗಿಸಿದೆ. ಬಾಸ್ 3 ಇಳಿಸಿದೆ. ಅಪ್ಪ ಈಗ ಮೊದಲಿಗಿಂತ ಕಡಿಮೆ ವಾಲ್ಯೂಮ್‌ನಲ್ಲಿ ನೋಡುತ್ತಿದ್ದಾರೆ.

ಒಂದೇ ಒಂದು ಕಿರಿಕಿರಿ. ಕರೆಂಟ್ ಹೋಗಿ ಬಂದರೆ ಕೆಲವು ಸಲ ಟಿವಿಯ ಸ್ವಂತ ಸ್ಪೀಕರೇ ಮಾತಾಡೋಕೆ ಶುರು ಮಾಡುತ್ತದೆ.

ತಂತಿಜೋಡಕ

ಎಆರ್‌ಸಿಯ ಹುಟ್ಟುಗುಣ. ಎರಡನ್ನೂ ಗೋಡೆಯ ಸ್ವಿಚ್‌ನಲ್ಲಿ ಆರಿಸಿ, ಒಂದು ನಿಮಿಷ ಬಿಟ್ಟು ಮೊದಲು ಟಿವಿ, ಆಮೇಲೆ ಆಂಪ್ಲಿಫೈಯರ್ ಹಾಕಿ. ಸರಿಹೋಗದಿದ್ದರೆ ಕೇಬಲ್ ಬದಲಿಸಿ ನೋಡಿ. ಎರಡರ ಸಾಫ್ಟ್‌ವೇರ್ ಅಪ್‌ಡೇಟ್ ಕೂಡ ಮಾಡಿ. ಮಾತು ತುಟಿಗೆ ಹೊಂದದಿದ್ದರೆ ಟಿವಿಯಲ್ಲಿ ಆಡಿಯೊ ಡಿಲೇ ಅಂತ ಇರುತ್ತದೆ. ಮೊದಲು ಸೊನ್ನೆಗೆ ತಂದು, ಅಲ್ಲಿಂದ ಹತ್ತು ಹತ್ತು ಮಿಲಿಸೆಕೆಂಡ್ ಏರಿಸುತ್ತಾ ಹೋಗಿ.

ಹೊಸಬ_ನಾನು

ನನ್ನದು ಹಳೆಯ ಟಿವಿ. ಎಆರ್‌ಸಿ ಇಲ್ಲ, ಆಪ್ಟಿಕಲ್ ಇದೆ, ಹೆಡ್‌ಫೋನ್ ಜ್ಯಾಕ್ ಇದೆ. ನಾನೇನು ಮಾಡಲಿ?

ರಿಮೋಟ್_ಎಲ್ಲಿ

ಹೆಡ್‌ಫೋನ್ ಜ್ಯಾಕ್‌ನಿಂದಲೇ ಶುರು ಮಾಡಿ. 3.5 ಮಿ.ಮೀ.ನಿಂದ ಎರಡು ಆರ್‌ಸಿಎ ಆಗುವ ಕೇಬಲ್ ಸಾಕು. ಟಿವಿ ಮೆನುವಿನಲ್ಲಿ ಆಡಿಯೊ ಔಟ್ ಫಿಕ್ಸ್ಡ್ ಅಥವಾ ವೇರಿಯಬಲ್ ಅಂತ ಇದ್ದರೆ ವೇರಿಯಬಲ್ ಆರಿಸಿ. ಟಿವಿ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಟ್ಟು, ಆಂಪ್ಲಿಫೈಯರ್ ಗುಂಡಿಯನ್ನು ನಿಧಾನಕ್ಕೆ ತಿರುಗಿಸಿ. ನಿಮಗೆ ಬೇಕಾದ ಅತಿ ಜೋರು ಬಂದ ಕಡೆ ನಿಲ್ಲಿಸಿ. ಆಮೇಲೆ ಟಿವಿ ರಿಮೋಟ್ ಒಂದೇ. ಹಿಸ್ ತಡೆಯೋಕಾಗಲ್ಲ ಅನ್ನಿಸಿದರೆ ರಿಮೋಟ್ ಜೊತೆ ಬರುವ ಆಪ್ಟಿಕಲ್ ಆಂಪ್ಲಿಫೈಯರ್ ನೋಡೋಣ, ಆಗ ಟಿವಿಯ ಮಾಡೆಲ್ ನಂಬರ್ ಬರೆಯಿರಿ.